ರೆಸಾರ್ಟಿಗೆ ಎಲೆಕ್ಟ್ರಿಕ್ ಬಗ್ಗಿ ತರ್ಲಿಕ್ಕೆ ಮೊದಲು ಚಾರ್ಜಿಂಗ್ ಶೆಡ್ಡು ಕಟ್ಟಿ

ಮಂಗಳೂರಿಂದ ಕುಂದಾಪುರದವರೆಗೆ ವಾಟರ್ ಪಾರ್ಕು, ಬೀಚ್ ರೆಸಾರ್ಟು ನಡೆಸುವವರು ಸುಮಾರು ಜನ ಈಗ ಡೀಸೆಲ್ ಗಾಡಿ ಬಿಟ್ಟು ಎಲೆಕ್ಟ್ರಿಕ್ ಬಗ್ಗಿ (ಗಾಲ್ಫ್ ಕಾರ್ಟ್ ನಮೂನೆಯ ಸಣ್ಣ ಗಾಡಿ) ತಗೊಳ್ಳುವ ಆಲೋಚನೆಯಲ್ಲಿ ಇದ್ದಾರೆ, ತುಂಬಾ ಒಳ್ಳೇದು, ಆದ್ರೆ ಎಲ್ರೂ ಮೊದ್ಲು ಹೋಗುವುದು ಗಾಡಿ ಶೋರೂಮಿಗೆ. ನಾನು ಹೇಳುವುದು ಅದು ಕಡೆಗೆ ಆಗ್ಲಿ, ಮೊದ್ಲು ಚಾರ್ಜ್ ಮಾಡುವ ಜಾಗ ಸರಿ ಮಾಡಿ. ಬೇರೆ ಊರಿಗೆ ಇದು ಅಷ್ಟು ಮುಖ್ಯ ಅಲ್ಲದೆ ಇರಬಹುದು, ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ರ ಮಳೆ, ಮೇಲಿಂದ ಉಪ್ಪುಗಾಳಿ, ಕೆಳಗೆ ಮುರಕಲ್ಲು (ಲ್ಯಾಟರೈಟ್). ಗಾಡಿ ಹಾಳಾಗುವುದು ಓಡುವಾಗ ಅಲ್ಲ, ನಿಲ್ಲಿಸಿದ ಜಾಗದಲ್ಲಿ.

ಯಾವ ಗಾಡಿ ಮೊದಲು ಬದಲಾಯಿಸ್ಬೇಕು ಅಂತ ಕೇಳಿದ್ರೆ ಗೇಟಿನ ಒಳಗೇ ಓಡುವಂಥದ್ದು. ಗೆಸ್ಟಿನ ಲಗೇಜು, ಬೆಡ್‌ಶೀಟು ಟವೆಲು, ಅಡುಗೆಮನೆ ಕಸ, ಇದೆಲ್ಲ ಫಸ್ಟ್ ಗೇರಲ್ಲಿ ನಿಂತು ನಿಂತು ಹೋಗುವ ಕೆಲಸ, ಡೀಸೆಲ್ ಪಿಕಪ್ಪಿಗೆ ಅತೀ ಕೆಟ್ಟ ಮೈಲೇಜ್ ಸಿಗುವುದು ಇಲ್ಲಿಯೇ, ಒಂದು ಲೀಟರ್ ಡೀಸೆಲ್ ಉರಿದ್ರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್, ಅದೂ ಮಕ್ಕಳು ಆಡುವ ಜಾಗದಲ್ಲಿ. ರೈಡುಗಳ ವಿಷಯಕ್ಕೆ ಅವಸರ ಬೇಡ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಲ್ಲಿ 1959ಕ್ಕೇ ಮೊನೊರೈಲು ಕರೆಂಟಲ್ಲಿ ಓಡ್ತಾ ಇತ್ತು, ಅದೇ ಪಾರ್ಕಿನ ಆಟೋಪಿಯ ಅನ್ನುವ ಮಕ್ಕಳ ಕಾರಿನ ರೈಡು 1955ರಲ್ಲಿ ಶುರುವಾದದ್ದು, ಅದರ ಪೆಟ್ರೋಲ್ ಇಂಜಿನ್ ತೆಗೆದು ಎಲೆಕ್ಟ್ರಿಕ್ ಮಾಡ್ತೇವೆ ಅಂತ ಕಂಪೆನಿ ಹೇಳಿದ್ದು 2024ರಲ್ಲಿ. ಅಷ್ಟು ದುಡ್ಡಿರುವವರಿಗೇ ಅಷ್ಟು ಸಮಯ ಹಿಡೀತು. ನಿಮ್ಮಲ್ಲಿ ಗೋ ಕಾರ್ಟ್ ಇದ್ರೆ ಅದು ಕಡೆಗೆ ಇರ್ಲಿ.

ಆಮೇಲೆ ಲೆಕ್ಕ. ಆರು ಸೀಟಿನ ಬಗ್ಗಿ ಚಪ್ಪಟೆ ಜಾಗದಲ್ಲಿ ಕಿಲೋಮೀಟರಿಗೆ ಹೆಚ್ಚುಕಮ್ಮಿ 100 ವ್ಯಾಟ್ ಅವರ್ ತಿಂತದೆ ಅಂತ ಇಟ್ಕೊಳ್ಳಿ, ಅಂದ್ರೆ ಒಂದು ಯೂನಿಟಿಗೆ (1000 ವ್ಯಾಟ್ ಅವರ್) ಹತ್ತು ಕಿಲೋಮೀಟರ್. ಪಡುಬಿದ್ರಿ, ಕಾಪು ಕಡೆ ಸಮುದ್ರದ ಬದಿ ಆದ್ರೆ ಈ ಲೆಕ್ಕ ನಡೀತದೆ. ವಾಮಂಜೂರು, ಮಣಿಪಾಲದ ಹಾಗೆ ಗುಡ್ಡೆ ಜಾಗ ಆದ್ರೆ ನಡೆಯುವುದಿಲ್ಲ. ಜನ ಕೂತ ಬಗ್ಗಿ ಒಂದು ಟನ್ ಅಂದ್ರೆ ಅದನ್ನು 30 ಮೀಟರ್ ಎತ್ತರಕ್ಕೆ ಹತ್ತಿಸ್ಲಿಕ್ಕೆ ಬೇಕಾಗುವುದು 80 ವ್ಯಾಟ್ ಅವರ್ ಚಿಲ್ಲರೆ, ಮೋಟರಿನ ನಷ್ಟ ಸೇರಿಸಿದ್ರೆ 100, ಅಂದ್ರೆ ಅಷ್ಟು ಏರು ಒಮ್ಮೆ ಹತ್ತಿದ್ರೆ ಒಂದು ಕಿಲೋಮೀಟರ್ ಎಕ್ಸ್ಟ್ರಾ ಓಡಿದ ಲೆಕ್ಕ. ಮಾರುವವ "ಒಂದು ಚಾರ್ಜಿಗೆ ಇಷ್ಟು ಓಡ್ತದೆ" ಅಂತ ಹೇಳುವಾಗ ಈ ಏರು ಅವನ ತಲೆಯಲ್ಲಿ ಇರುವುದಿಲ್ಲ. ಆರು ಜನ ಕೂರಿಸಿ ನಿಮ್ಮದೇ ಏರಲ್ಲಿ ಟ್ರಯಲ್ ಕೊಡ್ಲಿಕ್ಕೆ ಹೇಳಿ, ಕೊಡದಿದ್ರೆ ಬೇರೆಯವರ ಹತ್ರ ಹೋಗಿ.

ಬ್ಯಾಟರಿ ಲೆಡ್ ಆಸಿಡ್ ಅಗ್ಗ, ಆದ್ರೆ 48 ವೋಲ್ಟ್ 150 ಆಂಪ್ ಅವರಿನದ್ದು ಹೆಸರಿಗೆ 7.2 ಯೂನಿಟ್ ಹಿಡಿದ್ರೂ ಅರ್ಧಕ್ಕಿಂತ ಜಾಸ್ತಿ ಇಳಿಸಿದ್ರೆ ಆಯುಷ್ಯ ಹೋಗ್ತದೆ, ಡಿಸ್ಟಿಲ್ಡ್ ನೀರು ಹಾಕ್ತಾ ಇರ್ಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಅನ್ನುವ ಬೆಂಕಿ ಹಿಡಿಯುವ ಗ್ಯಾಸ್ ಬಿಡ್ತದೆ. ಲಿಥಿಯಂ ಐರನ್ ಫಾಸ್ಫೇಟ್ ದುಬಾರಿ ಆದ್ರೂ ದಿನಾ ಓಡುವ ಗಾಡಿಗೆ ಅದನ್ನೇ ತಗೊಳ್ಳಿ, ಪ್ಯಾಕ್ ಐಪಿ67 (ಧೂಳು, ನೀರು ಒಳಗೆ ಹೋಗದ ರೇಟಿಂಗ್) ಇರ್ಬೇಕು. ಐಪಿ67 ಉಂಟು ಅಂತ ಹೇಳಿ ಅಡಿಯಿಂದ ಪ್ರೆಷರ್ ವಾಷರ್ ಹೊಡೀಬೇಡಿ, ಅದು ನೀರಲ್ಲಿ ಮುಳುಗಿದ್ರೆ ತಡೀತದೆ ಅಂತ ಅಷ್ಟೇ, ಪ್ರೆಷರಿನ ನೀರಿಗೆ ಬೇರೆಯೇ ರೇಟಿಂಗ್.

ಈಗ ಶೆಡ್ಡು. ಮಳೆಗಾಲದಲ್ಲಿ ನೀರು ನಿಲ್ಲುವ ಮಟ್ಟಕ್ಕಿಂತ ಒಂದೂವರೆ ಅಡಿ ಮೇಲೆ ನೆಲ ಬರ್ಲಿ, ಸಮುದ್ರದ ಬದಿಗೆ ಗೋಡೆ, ಪೂರ್ವಕ್ಕೆ ಬಾಯಿ, ಮಾಡಿನ ಹತ್ರ ಗಾಳಿ ಹೋಗ್ಲಿಕ್ಕೆ ಜಾಗ. ವಾಟರ್ ಪಾರ್ಕಿನವರು ಒಂದು ಕೆಲಸ ಯಾವತ್ತೂ ಮಾಡ್ಬಾರದು, ಪಂಪ್ ರೂಮಿನ ಬದಿಯಲ್ಲಿ ಕರೆಂಟು ಹೇಗೂ ಉಂಟಲ್ಲ ಅಂತ ಹೇಳಿ ಕ್ಲೋರಿನ್ ಪೌಡರ್ ಇಡುವ ಕೋಣೆ ಪಕ್ಕವೇ ಚಾರ್ಜರ್ ಇಡುವುದು. ಆ ಹೊಗೆಗೆ ತಾಮ್ರ ಹಸಿರಾಗಿ ಕನೆಕ್ಟರ್ ಲೂಸ್ ಆಗ್ತದೆ, ಲೂಸ್ ಆದಲ್ಲಿ ಬಿಸಿ, ಬಿಸಿ ಆದಲ್ಲಿ ಬೆಂಕಿ, ಮತ್ತೆ ಬೆಂಕಿ ಹತ್ರ ಆ ಪೌಡರ್ ಇದ್ರೆ ಅದು ಉರಿಯನ್ನು ಇನ್ನೂ ಜಾಸ್ತಿ ಮಾಡುವಂಥ ಸಾಮಾನು.

ಅರ್ಥಿಂಗ್, ಅಂದ್ರೆ ಲೀಕಾದ ಕರೆಂಟು ನೆಲಕ್ಕೆ ಇಳಿಯುವ ವ್ಯವಸ್ಥೆ, ಅದರ ಬಗ್ಗೆ ಸ್ವಲ್ಪ ಗಮನ ಕೊಟ್ಟು ಓದಿ. ಜುಲೈಯಲ್ಲಿ ಪಿಟ್ ಹೊಡೆದು ಮೀಟರ್ ಇಟ್ರೆ ಒಳ್ಳೇ ರೀಡಿಂಗ್ ಬರ್ತದೆ, ಎಲೆಕ್ಟ್ರಿಷಿಯನ್ ಸಹಿ ಹಾಕಿ ಹೋಗ್ತಾನೆ. ಅದೇ ಪಿಟ್ ಏಪ್ರಿಲಲ್ಲಿ ಮುರಕಲ್ಲು ಒಣಗಿದ ಮೇಲೆ ನೋಡಿ, ರೆಸಿಸ್ಟೆನ್ಸ್ ಎಲ್ಲಿಗೋ ಏರಿರ್ತದೆ. ನಮ್ಮಲ್ಲಿ ಗುಡುಗು ಸಿಡಿಲು ಬರುವುದೂ ಅದೇ ಏಪ್ರಿಲ್ ಮೇ ಹೊತ್ತಿಗೆ, ಪಾರ್ಕಲ್ಲಿ ಜನ ತುಂಬಿರುವುದೂ ಆಗಲೇ, ಒದ್ದೆ ಬಟ್ಟೆಯಲ್ಲಿ ಬರಿಗಾಲಲ್ಲಿ ಓಡಾಡ್ತಾರೆ. ಹಾಗಾಗಿ ಅಳತೆ ಬೇಸಿಗೆಯಲ್ಲೇ ತೆಗೀಬೇಕು, ರೆಸಿಸ್ಟೆನ್ಸ್ ಜಾಸ್ತಿ ಬಂದ್ರೆ ಇನ್ನೊಂದು ಪಿಟ್ ತೋಡಿ ಎರಡನ್ನೂ ಸೇರಿಸಿ. ಪ್ರತಿ ಪಾಯಿಂಟಿಗೆ ಕರೆಂಟು ಲೀಕ್ ಆದ್ರೆ ಕೂಡ್ಲೆ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ, ಬೋರ್ಡಿಗೆ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಪ್ರೊಟೆಕ್ಟರ್. ಇದರಲ್ಲಿ ಚೌಕಾಸಿ ಬೇಡವೇ ಬೇಡ. ಮತ್ತೆ ಚಾರ್ಜರಿನ ಲೈನು ಜನರೇಟರ್ ಸರ್ಕ್ಯೂಟಿಗೆ ಸೇರದ ಹಾಗೆ ನೋಡ್ಕೊಳ್ಳಿ, ಕರೆಂಟು ಹೋದಾಗ ಡೀಸೆಲ್ ಸುಟ್ಟು ಬಗ್ಗಿ ಚಾರ್ಜ್ ಮಾಡಿದ್ರೆ ಇಷ್ಟೆಲ್ಲ ಮಾಡಿದ್ದು ಯಾಕೆ?

ಚಾರ್ಜ್ ಮಾಡುವ ಹೊತ್ತು ರಾತ್ರಿ ಹತ್ತರ ನಂತರ ಇಡಿ. ಮಧ್ಯಾಹ್ನ ವೇವ್ ಪೂಲಿನ ಪಂಪು, ಎಸಿ ಎಲ್ಲ ಓಡುವಾಗ ಚಾರ್ಜರೂ ಹಾಕಿದ್ರೆ ಮ್ಯಾಕ್ಸಿಮಮ್ ಡಿಮಾಂಡ್ (ಒಂದೇ ಹೊತ್ತಿಗೆ ಎಳೆಯುವ ಅತೀ ಜಾಸ್ತಿ ಕರೆಂಟು) ಏರ್ತದೆ, ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್ ಆದ್ರೆ ಮೆಸ್ಕಾಂನ ಕರೆಂಟು ಬಿಲ್ಲಲ್ಲಿ ಅದು ಬೇರೆಯೇ ಕಾಣ್ತದೆ. ಮಾಡಿಗೆ ಸೋಲಾರ್ ಹಾಕುವವರು ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್ ಅಂತ ಬೇಸಿಗೆಗೆ ನಂಬಬಹುದು, ಜೂನ್ ಜುಲೈಗೆ ನಂಬಬೇಡಿ.

ಗೆಸ್ಟುಗಳ ಕಾರಿಗೆ ದೊಡ್ಡ ಡಿಸಿ ಫಾಸ್ಟ್ ಚಾರ್ಜರ್ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ, ರಾತ್ರಿ ಉಳಿಯುವವರಿಗೆ 7.4 ಕಿಲೋವ್ಯಾಟಿನ ಟೈಪ್ 2 (ಕಾರಿನ ಸಾಧಾರಣ ಎಸಿ ಚಾರ್ಜಿಂಗ್ ಪ್ಲಗ್ಗು) ಪಾಯಿಂಟ್ ಎಂಟು ಗಂಟೆಯಲ್ಲಿ 59 ಯೂನಿಟ್ ತುಂಬಿಸ್ತದೆ, ಸಾಧಾರಣ ಕಾರಿಗೆ ಧಾರಾಳ ಆಯ್ತು. ಬೆಂಗಳೂರಿಂದ ಬರುವವರಿಗೆ ಶಿರಾಡಿ ಇಳಿಯುವಾಗ ಬ್ರೇಕಿಂದಲೇ ಒಂದಿಷ್ಟು ಚಾರ್ಜ್ ವಾಪಸ್ ಬರ್ತದೆ, ಹೋಗುವಾಗ ಅದೇ ಘಾಟಿ ಹತ್ತಬೇಕು, ಹಾಗಾಗಿ ಬೆಳಗ್ಗೆ ಫುಲ್ ಮಾಡಿ ಕಳಿಸುವ ರೆಸಾರ್ಟಿಗೆ ಅವರು ಮತ್ತೆ ಬರ್ತಾರೆ.

ಸ್ಟೇಷನ್ನು, ಬಜ್ಪೆ ಏರ್‌ಪೋರ್ಟಿಗೆ ಓಡುವ ವ್ಯಾನಿಗೆ ಸದ್ಯಕ್ಕೆ ಸಿಎನ್‌ಜಿಯೂ ಆಗ್ತದೆ, ಕೊಚ್ಚಿ ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆ ಆದದ್ದು ನೆನಪಿರಬಹುದು. ಇನ್ನು ಗೋಳಿಬಜೆ, ಚಿಕನ್ ಫ್ರೈ ಮಾಡಿ ಉಳಿದ ಎಣ್ಣೆ. ಡಿಸ್ನಿಲ್ಯಾಂಡಿನ ಸ್ಟೀಮ್ ರೈಲು ಅವರದ್ದೇ ಅಡುಗೆಮನೆಯ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ಲಲ್ಲಿ ಓಡ್ತದೆ, ಅದನ್ನು ಕೇಳಿ ಸೋಸಿದ ಎಣ್ಣೆಯನ್ನು ಸೀದಾ ಜನರೇಟರಿಗೆ ಹೊಯ್ಯುವವರಿದ್ದಾರೆ, ದಯವಿಟ್ಟು ಮಾಡ್ಬೇಡಿ, ಎಣ್ಣೆ ದಪ್ಪ, ಇಂಜೆಕ್ಟರ್ ಕಟ್ತದೆ. ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರೆ ಮಾಡಿದ ಮೇಲೆ ಮಾತ್ರ ಅದು ಬಯೋಡೀಸೆಲ್. ಮತ್ತೆ ಮತ್ತೆ ಕಾಯಿಸಿದಾಗ ಹುಟ್ಟುವ ಪೋಲಾರ್ ಕಾಂಪೌಂಡ್ 25 ಪರ್ಸೆಂಟ್ ದಾಟಿದ ಎಣ್ಣೆ ಅಡುಗೆಗೆ ಬಳಸ್ಬಾರದು ಅಂತ ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮವೇ ಉಂಟು, ಬಳಸಿದ ಎಣ್ಣೆಯನ್ನು ಬಯೋಡೀಸೆಲ್ಲಿಗೆ ಕೊಡುವ ಅವರ ರೂಕೋ ಯೋಜನೆಯಲ್ಲಿ ಹೆಸರಿರುವ, ಎಣ್ಣೆ ಒಟ್ಟು ಮಾಡುವವರಿಗೇ ಕ್ಯಾನು ಕೊಟ್ಟು ರಸೀದಿ ತಗೊಳ್ಳಿ.

ಬಗ್ಗಿ ಬಂದ ಮೇಲೆ ಸ್ಪೀಡ್ ಗಂಟೆಗೆ 12 ಕಿಲೋಮೀಟರಿಗೆ ಲಾಕ್ ಮಾಡಿಸಿ, ಒಂದು ಬೆಲ್ಲೋ ಬೀಪೋ ಹಾಕಿಸಿ, ಸದ್ದೇ ಇಲ್ಲದ ಗಾಡಿ ಮಕ್ಕಳ ಹಿಂದೆ ಬಂದು ನಿಂತ್ರೂ ಗೊತ್ತಾಗುವುದಿಲ್ಲ. ಆರ್‌ಟಿಒ ನಂಬರ್ ಇಲ್ಲದ ಬಗ್ಗಿಯನ್ನು ಹೈವೇ ದಾಟಿಸಿ ಬೀಚಿಗೆ ಕೊಂಡುಹೋಗ್ಬೇಡಿ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವಾಗ ಲೆಡ್ ಆಸಿಡ್ ಆದ್ರೆ ಫುಲ್ ಚಾರ್ಜಲ್ಲಿ ಇಟ್ಟು ತಿಂಗಳಿಗೊಮ್ಮೆ ಟಾಪ್ ಅಪ್ ಮಾಡಿ, ಲಿಥಿಯಂ ಆದ್ರೆ ಅರ್ಧ ಚಾರ್ಜಲ್ಲಿ ಮೇನ್ ಸ್ವಿಚ್ ತೆಗೆದು ಇಡಿ, ಟರ್ಮಿನಲ್ಲಿಗೆ ವ್ಯಾಸಲೀನ್ ಹಚ್ಚಿ, ಎರಡೂ ನಮೂನೆ ಗಾಡಿ ಇದ್ರೆ ಯಾವುದಕ್ಕೆ ಯಾವುದು ಅಂತ ಶೆಡ್ಡಿನ ಗೋಡೆಗೆ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿ, ಅಲ್ಲಿ ಕೆಲಸ ಮಾಡುವ ಹುಡುಗರು ಸೀಸನಿಗೊಮ್ಮೆ ಬದಲಾಗ್ತಾ ಇರ್ತಾರೆ.