ವೆಂಟಿಲೇಟರ್ ರೋಗಿಯ ಸಕ್ಷನ್ ಉಪಕರಣಗಳಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ನೋಡಿಕೊಳ್ಳುವ ಬಗೆ

ವೆಂಟಿಲೇಟರ್ ಮೇಲಿರುವ ರೋಗಿಗೆ ಕೆಮ್ಮಿ ಕಫ ಹೊರಹಾಕುವುದು ಕಷ್ಟ, ಹಾಗಾಗಿ ಸಕ್ಷನ್, ಅಂದರೆ ಕೊಳವೆಯಿಂದ ಕಫವನ್ನು ಹೀರಿ ತೆಗೆಯುವುದು, ಅನಿವಾರ್ಯ. ಆದರೆ ಗಂಟಲಿನ ಸಹಜ ಕಾವಲನ್ನು ದಾಟಿ ನೇರವಾಗಿ ಶ್ವಾಸನಾಳಕ್ಕಿಳಿಯುವ ಕ್ಯಾತಿಟರ್ ಎಂಬ ತೆಳು ಕೊಳವೆ, ಕಫವನ್ನು ಹೊರತೆಗೆಯುವಷ್ಟೇ ಸಲೀಸಾಗಿ ಸೂಡೊಮೋನಾಸ್, ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾದಂತಹ ಬ್ಯಾಕ್ಟೀರಿಯಾಗಳನ್ನು ಒಳಕ್ಕೂ ಒಯ್ಯಬಲ್ಲದು.

ತೆರೆದ ಪದ್ಧತಿಯಲ್ಲಿ, ಅಂದರೆ ವೆಂಟಿಲೇಟರ್ ಜೋಡಣೆಯನ್ನು ಬಿಚ್ಚಿ ಸಕ್ಷನ್ ಮಾಡುವಾಗ, ಶ್ವಾಸನಾಳಕ್ಕೆ ಬಳಸುವ ಕ್ಯಾತಿಟರನ್ನು ಒಂದು ಸರದಿಯ ನಂತರ ಎಸೆಯಬೇಕು. ಅದನ್ನು ಬಟ್ಟಲಿನ ನೀರಿನಲ್ಲಿ ಅದ್ದಿಟ್ಟು ಮತ್ತೆ ಎತ್ತಿಕೊಳ್ಳುವ ಅಭ್ಯಾಸ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಬೆಳಿಗ್ಗೆ ತಿಳಿಯಾಗಿದ್ದ ಆ ನೀರಿನಲ್ಲಿ ನಾಲ್ಕು ಬಾರಿ ಅದ್ದುವಷ್ಟರಲ್ಲಿ ಕಫದ ಎಳೆಗಳು ತೇಲತೊಡಗುತ್ತವೆ. ಅದೇ ಸರದಿಯಲ್ಲಿ ಮತ್ತೊಮ್ಮೆ ಇಳಿಸುವುದಿದ್ದರೆ, ಆಗಷ್ಟೇ ತೆರೆದ ಸ್ಟೆರೈಲ್ (ಸೂಕ್ಷ್ಮಾಣುರಹಿತ) ನೀರಿನಿಂದಲೇ ಕ್ಯಾತಿಟರನ್ನು ತೊಳೆಯಬೇಕು. ಬಾಯಿಗೆ ಬಳಸಿದ್ದನ್ನು ಶ್ವಾಸನಾಳಕ್ಕೆ ಎಂದಿಗೂ ಇಳಿಸಬಾರದು.

ವೆಂಟಿಲೇಟರ್ ಜೋಡಣೆಯನ್ನು ಬಿಚ್ಚದೆ ಬಳಸುವ ಮುಚ್ಚಿದ ಪದ್ಧತಿಯ ಕ್ಯಾತಿಟರನ್ನು ಒಬ್ಬನೇ ರೋಗಿಗೆ ಹಲವು ಬಾರಿ ಬಳಸಬಹುದು. ಪ್ರತಿ ಬಾರಿಯೂ ಅದನ್ನು ಗುರುತಿನ ಗೆರೆ ಕಾಣುವವರೆಗೆ ಪೂರ್ತಿ ಹಿಂದಕ್ಕೆಳೆದು, ಸಕ್ಷನ್ ಗುಂಡಿಯನ್ನು ಮೊದಲು ಒತ್ತಿ ಹಿಡಿದು, ಆಮೇಲೆ ತೊಳೆಯುವ ದ್ರವವನ್ನು ಬಿಡಬೇಕು; ಈ ಕ್ರಮ ತಪ್ಪಿದರೆ ತೊಳೆದ ನೀರು ರೋಗಿಯ ಶ್ವಾಸಕೋಶಕ್ಕೇ ಹೋಗುತ್ತದೆ.

ಬಾಯಿಯ ಜೊಲ್ಲೆಳೆಯುವ ಗಟ್ಟಿ ತುದಿ ಯಾರ ಗಮನಕ್ಕೂ ಬೀಳುವುದಿಲ್ಲ. ದಿಂಬಿನ ಕೆಳಗೆ ಸಿಕ್ಕಿಸಿಟ್ಟ, ಹಾಸಿಗೆಯ ಕಂಬಿಗೆ ನೇತುಹಾಕಿದ ತುದಿ ಒಂದು ದಿನದೊಳಗೇ ಬ್ಯಾಕ್ಟೀರಿಯಾಗಳ ನೆಲೆಯಾಗಬಲ್ಲದು. ಬಳಸಿದ ಕೂಡಲೇ ಸ್ಟೆರೈಲ್ ನೀರೆಳೆದು ತೊಳೆದು, ಶುಚಿಯಾದ, ಗಾಳಿಯಾಡುವ ಹೊದಿಕೆಯಲ್ಲಿಟ್ಟು, ಬದಲಿಸಬೇಕಾದ ದಿನಾಂಕವನ್ನು ಅದರ ಮೇಲೆ ಬರೆಯಬೇಕು.

ಹೀರಿದ ಕಫ ಶೇಖರವಾಗುವ ಜಾರ್ ಮತ್ತು ಅದಕ್ಕೆ ಜೋಡಿಸಿದ ಟ್ಯೂಬ್‌ಗಳಲ್ಲಿ ಹರಿವು ರೋಗಿಯಿಂದ ಆಚೆಗಿರುವುದರಿಂದ, ಅವುಗಳಿಂದ ಅಪಾಯ ಹೆಚ್ಚಾಗಿ ಒದಗುವುದು ಸಿಬ್ಬಂದಿಯ ಕೈಗಳ ಮೂಲಕ. ಜಾರ್ ಮುಕ್ಕಾಲು ತುಂಬುವ ಮೊದಲೇ, ಗ್ಲೌಸ್ ಮತ್ತು ಕಣ್ಣಿನ ರಕ್ಷಣೆ ಧರಿಸಿ, ಎರಚದಂತೆ ನಿಧಾನವಾಗಿ ಖಾಲಿ ಮಾಡಬೇಕು. ಸೋಂಕುನಿವಾರಕಕ್ಕಿಂತ ಮೊದಲು ಡಿಟರ್ಜೆಂಟ್ ಮತ್ತು ಬ್ರಷ್ಷಿನ ಕೆಲಸವಾಗಬೇಕು, ಏಕೆಂದರೆ ಕಫ ಅಂಟಿದ ಮೇಲ್ಮೈಯಲ್ಲಿ ಹೈಪೊಕ್ಲೋರೈಟ್ ಎಂಬ ಸೋಂಕುನಿವಾರಕ ತನ್ನ ಶಕ್ತಿಯನ್ನು ಆ ಕೊಳೆಯ ಮೇಲೆಯೇ ಕಳೆದುಕೊಳ್ಳುತ್ತದೆ, ಅಡಿಯ ಬಯೋಫಿಲ್ಮ್ (ಬ್ಯಾಕ್ಟೀರಿಯಾಗಳ ಅಂಟು ಪದರ) ಹಾಗೆಯೇ ಉಳಿಯುತ್ತದೆ. ಮುಚ್ಚಳದ ರಬ್ಬರ್ ಉಂಗುರವನ್ನು ಬಿಚ್ಚಿ ಅದರ ಸಂದನ್ನೂ ಉಜ್ಜಬೇಕು. ದ್ರಾವಣದ ಪ್ರಮಾಣ ಮತ್ತು ನೆನೆಸುವ ಅವಧಿ ತಯಾರಕರ ಸೂಚನೆಯಂತಿರಲಿ. ಶಾಖ ತಡೆಯುವ ಭಾಗಗಳನ್ನು 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಟೋಕ್ಲೇವ್ ಮಾಡಬಹುದು, ಅಂದರೆ ಒತ್ತಡದ ಹಬೆಯಲ್ಲಿ ಸೂಕ್ಷ್ಮಾಣುರಹಿತಗೊಳಿಸಬಹುದು.

ಕೊನೆಯದಾಗಿ, ಒಣಗಿಸುವುದು. ಟ್ಯೂಬನ್ನು ಸುರುಳಿ ಸುತ್ತದೆ ಉದ್ದಕ್ಕೆ ನೇತುಹಾಕಿ, ಬೆಳಕಿಗೆ ಹಿಡಿದು ನೋಡಿ, ಒಳಗೆ ಒಂದು ಹನಿ ಕಂಡರೂ ಕಪಾಟಿಗೆ ಸೇರಿಸದೆ ಮತ್ತೆ ಒಣಗಲು ಬಿಡಬೇಕು.