64 ಕೆಜಿ ಸರಿ, ಒಳಗೇನಿದೆ?

ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ 22 ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಚೀಲ ತೂಗಿದ ಕೂಡಲೇ ದುಡ್ಡು ಇಷ್ಟು ಅಂತ ಇಲ್ಲಿ ಯಾರೂ ಹೇಳುವುದಿಲ್ಲ. ಒಳಗಿರುವುದು ಯಾವ ದರ್ಜೆಯ ಅಡಿಕೆ, ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಅಂತ ಕೈಗೆ ತೆಗೆದುಕೊಂಡು ನೋಡಬೇಕು. ಸರಿಯಾಗಿ ಒಣಗದ ಅಡಿಕೆ ಜಾಸ್ತಿ ತೂಗುತ್ತದೆ, ಆದರೆ ಬೇಗ ಬೂಸ್ಟು ಹಿಡಿಯುತ್ತದೆ. ನನ್ನ ದೇಹದ ವಿಷಯದಲ್ಲಿ ಮಾತ್ರ ನಾನು ವರ್ಷಗಟ್ಟಲೆ ತೂಕವೊಂದನ್ನೇ ನಂಬಿಕೊಂಡಿದ್ದೆ.

ನನ್ನ ಎತ್ತರ 168 ಸೆಂಟಿಮೀಟರ್. ತೂಕ 64 ಕೆಜಿ, ಹತ್ತು ವರ್ಷದಿಂದ ಹೆಚ್ಚು ಕಡಿಮೆ ಅಷ್ಟೇ. ಒಂದು ಆರೋಗ್ಯ ಶಿಬಿರದಲ್ಲಿ ತೂಕ ನೋಡಿ, ಚಾರ್ಟ್ ನೋಡಿ, 'ನೀವು ಆರಾಮಾಗಿದ್ದೀರಿ' ಅಂತ ಕಳಿಸಿಬಿಟ್ಟರು. ಎತ್ತರಕ್ಕೆ ತೂಕ ಸರಿಯಿದೆಯೇ ಅಂತ ತೋರಿಸುವ ಬಿಎಂಐ 22.7. ನಮ್ಮ ದೇಶದವರಿಗೆ 23ರಿಂದ ಮೇಲೆ ಹೋದರೆ ಜಾಸ್ತಿ ಅಂತ ಲೆಕ್ಕ. ನಾನು ಅದರೊಳಗೇ ಇದ್ದೆ. ಖುಷಿಯಾಗಿ ಮನೆಗೆ ಬಂದೆ.

ಆಮೇಲೆ ಒಂದು ದಿನ ತೀರ್ಥಹಳ್ಳಿ ಕಡೆಯ ನಮ್ಮ ಮೂಲಮನೆಗೆ ಹೋದೆ. ತೋಟದಿಂದ ಮನೆಗೆ ಬರಲು ಒಂದು ಏರು ಇದೆ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು, ತೂಕವೂ ಜಾಸ್ತಿ. ಅಡಿಕೆ ಹಾಳೆಯ ಹೊರೆ ಹೊತ್ತು ಮಾತಾಡುತ್ತಲೇ ಹತ್ತಿಬಿಟ್ಟ. ನಾನು ಬರಿಗೈಯಲ್ಲಿ ಎರಡು ಸಲ ನಿಂತೆ. 'ಏನೋ ತಮ್ಮ, ಹುಷಾರಿಲ್ವೇನೋ?' ಅಂದ. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಆ ನೆನಪು ಬಂದು ರಾತ್ರಿ ನಿದ್ದೆ ಬರಲಿಲ್ಲ.

ಮರುವಾರವೇ ರಕ್ತ ಪರೀಕ್ಷೆ ಮಾಡಿಸಿದೆ. ಖಾಲಿ ಹೊಟ್ಟೆಯ ಸಕ್ಕರೆ 112. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ಇದು 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಅಂತ ಅರ್ಥ. 150ರೊಳಗೆ ಇರಬೇಕಾದ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, 210 ಇತ್ತು. ಬಿಪಿ 138/88.

ನಮ್ಮ ಡಾಕ್ಟರು ರಿಪೋರ್ಟ್ ನೋಡಿ, ಮೊದಲು ಸೊಂಟದ ಅಳತೆ ತೆಗೆದರು. ನನ್ನ ಪ್ಯಾಂಟು 34 ಇಂಚು, ಅಂದರೆ 86 ಸೆಂಟಿಮೀಟರ್. ಅದೇ ನನ್ನ ಸೊಂಟ ಅಂದುಕೊಂಡಿದ್ದೆ. ಆದರೆ ಬೆಲ್ಟು ಹೊಟ್ಟೆಯ ಕೆಳಗೆ ಜಾರಿ ಎಷ್ಟು ವರ್ಷವಾಗಿತ್ತೋ! ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿದರೆ 93. ನಮ್ಮಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು ಅಂತಲೂ ಹೇಳಿದರು. ನನ್ನ ಅರ್ಧ 84.

ಕೈಕಾಲು ಸಣ್ಣ, ಹೊಟ್ಟೆಯೊಳಗೆ ಕೊಬ್ಬು. ನಮ್ಮವರಲ್ಲಿ ಇದು ತುಂಬಾ ಜನಕ್ಕೆ ಇದೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೋ ಒಂದು 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತ್ತು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ಇದನ್ನು ಓದಿದಾಗ ನನಗೆ ಮಂಡಿಯ ಚೀಲಗಳೇ ಕಣ್ಣಿಗೆ ಬಂದವು. ಅಷ್ಟಕ್ಕೂ ಈ ಬಿಎಂಐ ಲೆಕ್ಕ ಹಾಕಿದ್ದು 1830ರ ದಶಕದಲ್ಲಿ, ಬೆಲ್ಜಿಯಂನ ಕೆಟಲೆ ಎಂಬ ಗಣಿತಜ್ಞ. ಅವರು ನೋಡಿದ್ದು ಇಡೀ ಜನಸಮೂಹದ ಸರಾಸರಿಯನ್ನು, ಒಬ್ಬೊಬ್ಬರ ಆರೋಗ್ಯವನ್ನಲ್ಲ.

ಒಂದು ನೋಟ್‌ಬುಕ್ ಇಟ್ಟೆ. ತೂಕಕ್ಕೂ ಒಂದು ಕಾಲಂ ಇದೆ, ಆದರೆ ಕೊನೆಯದು. ತಿಂಗಳಿಗೊಮ್ಮೆ, ಬೆಳಿಗ್ಗೆ ಏನೂ ತಿನ್ನುವ ಮೊದಲು ಸೊಂಟ ಅಳೆಯುತ್ತೇನೆ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ನೆ ಕೂರುತ್ತೇನೆ, ಕಾಲು ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು. ಕಾಫಿ ಆಮೇಲೆ. ಕಾಫಿ ಕುಡಿದ ತಕ್ಷಣ ನೋಡಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ: ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. 30 ಸೆಕೆಂಡಿನಲ್ಲಿ ಮೊದಲ ದಿನ 11 ಸಲ ಆಯಿತು.

ಮಾಡಿದ್ದು ದೊಡ್ಡದೇನಲ್ಲ. ಬೆಳಿಗ್ಗೆ ನಾಲ್ಕು ಕಡುಬು ಎರಡಾಯಿತು, ಜೊತೆಗೆ ಹೆಸರುಕಾಳಿನ ಉಸಲಿ ಬಂತು. ರಾತ್ರಿ ಅನ್ನ ಅರ್ಧ ಮಾಡಿ ಪಲ್ಯ, ಹುರುಳಿ ಸಾರು ಜಾಸ್ತಿ ಮಾಡಿದೆ. ಊಟದ ನಂತರ ಇಪ್ಪತ್ತು ನಿಮಿಷ ನಡಿಗೆ. ಮಳೆಗಾಲದಲ್ಲಿ ಹೊರಗೆ ಹೋಗಲು ಆಗುವುದಿಲ್ಲ, ಅಲ್ವಾ? ಆಗ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿದೆ. ಮಂಡಿಯಲ್ಲಿ ಗಂಟೆಗೊಮ್ಮೆ ಎದ್ದು ಓಡಾಡಿದೆ.

ಒಂದು ವರ್ಷಕ್ಕೆ ಸೊಂಟ 86. ಎಚ್‌ಬಿಎ1ಸಿ 5.6. ಬಿಪಿ 124/80. ಕುರ್ಚಿ 17 ಸಲ. ತೂಕ 65! ಒಂದು ಕೆಜಿ ಜಾಸ್ತಿಯಾಗಿ ಬಿಎಂಐ 23 ಮುಟ್ಟಿತ್ತು. ಬರೀ ಚಾರ್ಟ್ ನೋಡಿದರೆ ನಾನು ಹಿಂದಿಗಿಂತ ಹಾಳಾಗಿದ್ದೇನೆ. ಆದರೆ ಕಾಲಿಗೆ ಕಸುವು ಬಂದಿದೆ, ಹೊಟ್ಟೆ ಇಳಿದಿದೆ. ಸೊಂಟ ಇನ್ನೂ ಎರಡು ಸೆಂಟಿಮೀಟರ್ ಇಳಿಯಬೇಕು. ಅದಕ್ಕೆ ಪ್ರಯತ್ನ ನಡೆದಿದೆ.

ನನ್ನ ಹೆಂಡತಿಯದು ಬೇರೆಯೇ ಕಥೆ. ಅವಳು 72 ಕೆಜಿ. ಸುಸ್ತು ಅಂದಾಗಲೆಲ್ಲ ಎಲ್ಲರದ್ದೂ ಒಂದೇ ಉತ್ತರ, 'ದಪ್ಪ ಇದ್ದೀಯಲ್ಲ, ಇಳಿಸು.' ನಾನೂ ಹಾಗೇ ಅಂದಿದ್ದೆ, ಅದರ ನೋವು ನನಗಿದೆ. ನನ್ನ ಜೊತೆ ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9.4. ಹೆಂಗಸರಿಗೆ 12 ಆದರೂ ಇರಬೇಕು. ತಿಂಗಳ ಸ್ರಾವ ತುಂಬಾ ಹೋಗುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಡಾಕ್ಟರು ಅದಕ್ಕೂ ಚಿಕಿತ್ಸೆ ಕೊಟ್ಟು, ಕಬ್ಬಿಣದ ಮಾತ್ರೆಯನ್ನು ಕಾಫಿ, ಚಹಾ ಜೊತೆ ತೆಗೆದುಕೊಳ್ಳಬೇಡಿ, ನಿಂಬೆ ಶರಬತ್ತಿನ ಜೊತೆ ತೆಗೆದುಕೊಳ್ಳಿ ಅಂದರು. ನಾಲ್ಕು ತಿಂಗಳಿಗೆ 12.1 ಆಯಿತು. ಆಗಲೂ ತೂಕ 72ರಲ್ಲೇ ಇತ್ತು. ಆದರೆ ಮಧ್ಯಾಹ್ನ ಮಲಗದೆ ಇರಲಾಗದವಳು ಈಗ ನನ್ನ ಜೊತೆ ರಾತ್ರಿ ನಡಿಗೆಗೆ ಬರುತ್ತಾಳೆ.

ಬರುವ ಭಾನುವಾರ ಅಣ್ಣನ ಮನೆಗೆ ಹೋಗುತ್ತಿದ್ದೇವೆ. ಅತ್ತಿಗೆ ತೆಳ್ಳಗಿದ್ದಾರೆ, ಅದಕ್ಕೇ ಯಾರೂ ಅವರ ಆರೋಗ್ಯ ವಿಚಾರಿಸುವುದಿಲ್ಲ. ಟೈಲರ್ ಟೇಪು ಮತ್ತು ಬಿಪಿ ಮಷಿನ್ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ.