ಹೊಸಬರ ಕೈಗೆ ಒಗ್ಗುವ ಕ್ಯಾಡ್ ಮೆನು: ನಾನು ಮಾಡಿದ್ದು ಹೀಗೆ

"ಮೆನು ಮಾಡಿಕೊಟ್ಟರೆ ಅದಕ್ಕೇ ಅಂಟಿಕೊಳ್ಳುತ್ತಾರೆ, ಕಮಾಂಡ್ ಕಲಿಯುವುದೇ ಇಲ್ಲ." ಕಮಾಂಡ್ ಅಂದರೆ ಕೀಬೋರ್ಡಿನಲ್ಲಿ ಟೈಪ್ ಮಾಡುವ ಆಜ್ಞೆ. ಕ್ಯಾಡ್‌ನಲ್ಲಿ ಹೊಸಬರಿಗಾಗಿ ಬಟನ್ ಮೆನು ಕಟ್ಟಲು ನಾನು ಕೈ ಹಾಕಿದಾಗ ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಹತ್ತಿಪ್ಪತ್ತು ವರ್ಷ ಡ್ರಾಫ್ಟಿಂಗ್ ಮಾಡಿದವರೇ ತಲೆ ಅಲ್ಲಾಡಿಸಿದರು. ಈಗ ಸುಮಾರು ಎರಡು ವರ್ಷದಿಂದ ಆ ಮೆನು ನಮ್ಮಲ್ಲಿ ಓಡುತ್ತಿದೆ. ಅದರಲ್ಲಿ ಕೈ ಪಳಗಿಸಿಕೊಂಡವರು ಹತ್ತು ಹನ್ನೆರಡು ಜನ ಇರಬಹುದು. ಅವರಲ್ಲಿ ಮುಕ್ಕಾಲು ಪಾಲು ಜನ ಇವತ್ತು ಮೆನು ಕಡೆ ನೋಡದೆ ಕೀಬೋರ್ಡಿನಲ್ಲೇ ಕೆಲಸ ಮುಗಿಸುತ್ತಾರೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಮ್ಮದು ಸ್ಟೀಲ್ ಮೆಟ್ಟಿಲು, ರೇಲಿಂಗ್, ಗೇಟುಗಳ ಶಾಪ್ ಡ್ರಾಯಿಂಗ್ ಮಾಡುವ ಸಣ್ಣ ತಂಡ. ಬಳಸುವುದು ಆಟೋಕ್ಯಾಡ್, ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ (ಕ್ಯಾಡ್) ತಂತ್ರಾಂಶ. ಹೊಸದಾಗಿ ಬರುವವರು ಹೆಚ್ಚಿನವರು ವರ್ಕ್‌ಶಾಪಿನಿಂದಲೇ ಬಂದವರು. ವೆಲ್ಡಿಂಗ್, ಕಟಿಂಗ್ ಮಾಡಿದವರು. ಡ್ರಾಯಿಂಗ್ ಓದಲು ನನಗಿಂತ ಚೆನ್ನಾಗಿ ಬರುತ್ತದೆ. ಎಲ್ಲಿ ಗ್ಯಾಪ್ ಬಿಡಬೇಕು, ಎಲ್ಲಿ ಪ್ಲೇಟ್ ಹಾಕಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ಕ್ಯಾಡ್ ಸ್ಕ್ರೀನ್ ಮುಂದೆ ಕೂತರೆ ಕೈ ನಿಂತುಬಿಡುತ್ತದೆ. ಈ ಜನರನ್ನು ಬೇಗ ಡ್ರಾಯಿಂಗ್‌ಗೆ ತರಬೇಕು ಅನ್ನುವುದು ನನ್ನ ಹಠ.

ಮೊದಲು ದುಡ್ಡು ಹೋದ ಕತೆ ಹೇಳುತ್ತೇನೆ. ಹೊರಗಿನವರೊಬ್ಬರಿಗೆ ಕೊಟ್ಟು ಒಂದು ಪ್ಲಗಿನ್, ಅಂದರೆ ಆಟೋಕ್ಯಾಡ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ, ಬರೆಸಿದೆವು. ಒಬ್ಬ ಡ್ರಾಫ್ಟರ್‌ನ ಎರಡೂವರೆ ತಿಂಗಳ ಸಂಬಳದಷ್ಟು ಖರ್ಚಾಯಿತು. ದೊಡ್ಡ ದೊಡ್ಡ ಬಟನ್, ಮಿಂಚುವ ಐಕಾನ್, ನೋಡಲು ಚೆಂದ. ಬಟನ್ ಒತ್ತಿದರೆ ಎಂಟೊಂಬತ್ತು ಖಾನೆ ಇರುವ ಡೈಲಾಗ್ ಬರುತ್ತಿತ್ತು. ಉದ್ದ, ಎತ್ತರ, ಪೈಪ್ ಸೈಜ್, ಗ್ಯಾಪ್ ಎಲ್ಲ ತುಂಬಿ ಓಕೆ ಕೊಟ್ಟರೆ ಇಡೀ ರೇಲಿಂಗ್ ಒಂದೇ ಏಟಿಗೆ ಬಂದುಬಿಡುತ್ತಿತ್ತು. ತೋರಿಸಿದಾಗ ಎಲ್ಲರೂ ಖುಷಿಪಟ್ಟರು. ಕೆಲಸಕ್ಕೆ ಇಳಿದಾಗ ಗೊತ್ತಾಯಿತು, ಸೈಟಿನಲ್ಲಿ ಒಂದು ಮೂಲೆ ಓರೆಯಾಗಿದ್ದರೂ ಅದು ಕೈಕೊಡುತ್ತದೆ. ಬಂದ ಡ್ರಾಯಿಂಗ್ ತಿದ್ದಲು ಕಲಿಯುವವರಿಗೆ ಒಂದು ಗೆರೆ ಎಳೆಯಲೂ ಗೊತ್ತಿಲ್ಲ. ಅವರು ಕಲಿತಿದ್ದು ಖಾನೆ ತುಂಬುವುದನ್ನು ಮಾತ್ರ. ಮುಂದಿನ ಆವೃತ್ತಿಗೆ ಹೋದಾಗ ಪ್ಲಗಿನ್ ಲೋಡೇ ಆಗಲಿಲ್ಲ, ಸರಿಮಾಡಲು ಮತ್ತೆ ದುಡ್ಡು ಕೇಳಿದರು. ಅಲ್ಲಿಗೆ ಬಿಟ್ಟೆವು.

ಆಮೇಲೆ ಖರ್ಚಿಲ್ಲದ ದಾರಿ. ಪರದೆಯ ಮೇಲ್ಭಾಗದ ಬಟನ್ ಪಟ್ಟಿ, ಅಂದರೆ ರಿಬ್ಬನ್‌ನಲ್ಲಿ ಬೇಡದ ಪ್ಯಾನಲ್‌ಗಳನ್ನೆಲ್ಲ ಮರೆಮಾಡಿ, ಉಳಿದದ್ದನ್ನು ದೊಡ್ಡದು ಮಾಡಿ ಕೊಟ್ಟೆ. ಬಟನ್ ಕಡಿಮೆಯಾದವು, ಗೊಂದಲ ಕಡಿಮೆಯಾಗಲಿಲ್ಲ. ಕಾರಣ ಜೋಡಣೆಯಲ್ಲೇ ಇದೆ. ಡ್ರಾ, ಮಾಡಿಫೈ, ಆನೊಟೇಟ್ ಅಂತ ಗುಂಪು ಮಾಡುವುದು ಕಮಾಂಡ್ ಗೊತ್ತಿದ್ದವರಿಗೆ ಸರಿ. ವರ್ಕ್‌ಶಾಪಿನಿಂದ ಬಂದವನು "ನಾನೀಗ ಮಾಡಿಫೈ ಮಾಡಬೇಕು" ಅಂದುಕೊಳ್ಳುವುದಿಲ್ಲ. "ಈ ಎರಡು ಕಂಬದ ನಡುವೆ ಒಂದು ಅಡ್ಡ ಪೈಪ್ ಬೇಕು" ಅಂದುಕೊಳ್ಳುತ್ತಾನೆ. ಅಷ್ಟೇ.

ದಾರಿ ಹೊಳೆದದ್ದು ಹಳೆಯ ಸ್ಕ್ರೀನ್ ಮೆನುವಿನಿಂದ. ಆಟೋಕ್ಯಾಡ್ 1982ರಲ್ಲಿ ಬಂದದ್ದು. ಆ ಕಾಲದ ಆವೃತ್ತಿಗಳಲ್ಲಿ ಪರದೆಯ ಬಲಗಡೆ ಸಣ್ಣ ಕಾಲಂ ಒಂದರಲ್ಲಿ ಪದಗಳ ಸಾಲು ಇರುತ್ತಿತ್ತು. ಹಳಬರಿಗೆ ನೆನಪಿರಬೇಕು, ಮೇಲ್ತುದಿಯಲ್ಲಿ 'ಆಟೋಕ್ಯಾಡ್', ಅದರ ಕೆಳಗೆ ನಾಲ್ಕು ಚುಕ್ಕಿನಕ್ಷತ್ರ. ಎಲ್ಲಿ ಕಳೆದುಹೋದರೂ ಮೇಲಿನದನ್ನು ಒತ್ತಿದರೆ ಮೊದಲ ಮೆನುಗೆ ವಾಪಸ್. ನಕ್ಷತ್ರ ಒತ್ತಿದರೆ ಆಬ್ಜೆಕ್ಟ್ ಸ್ನ್ಯಾಪ್, ಅಂದರೆ ಕ್ಲಿಕ್ಕನ್ನು ಗೆರೆಯ ತುದಿ, ಮಧ್ಯದಂಥ ನಿಖರ ಜಾಗಕ್ಕೆ ಕೂರಿಸುವ ಸೌಲಭ್ಯ. ಯಾವ ಪುಟಕ್ಕೆ ಹೋದರೂ ಈ ಎರಡು ಜಾಗ ಬಿಟ್ಟು ಕದಲುತ್ತಿರಲಿಲ್ಲ. ಎಂಥ ಒಳ್ಳೆಯ ಯೋಚನೆ ಅಲ್ವಾ! 2009ರ ಆವೃತ್ತಿಯಲ್ಲಿ ರಿಬ್ಬನ್ ಬಂದ ಮೇಲೆ ಕಲಿತವರು ಇದನ್ನು ನೋಡಿಯೇ ಇಲ್ಲ.

ನಾನು ಅದೇ ಕಾಲಂ ಅನ್ನು ಟೂಲ್ ಪ್ಯಾಲೆಟ್‌ನಲ್ಲಿ, ಅಂದರೆ ನಮಗೆ ಬೇಕಾದ ಬಟನ್ ಜೋಡಿಸಿಕೊಳ್ಳುವ ಕಿಟಕಿಯಲ್ಲಿ, ಮತ್ತೆ ಕಟ್ಟಿದೆ. ಬಲಗಡೆ ಡಾಕ್ ಮಾಡಿದ ಪ್ಯಾಲೆಟ್, ಅದಕ್ಕೆ ಆರು ಟ್ಯಾಬ್. ಹಾಳೆ, ಸೆಂಟರ್ ಲೈನ್, ಪೈಪ್, ಜಾಯಿಂಟ್, ಅಳತೆ, ಪ್ರಿಂಟ್. ಕೆಲಸ ನಡೆಯುವ ಕ್ರಮವೇ ಟ್ಯಾಬ್‌ಗಳ ಕ್ರಮ. ಪ್ರತಿ ಟ್ಯಾಬ್‌ನ ತಲೆಯಲ್ಲಿ ಅದೇ ಮೂರು ಸ್ನ್ಯಾಪ್ ಬಟನ್, ಅದೇ ಜಾಗದಲ್ಲಿ. ಅದರ ಕೆಳಗೆ ಏಳೆಂಟು ಬಟನ್, ಜಾಸ್ತಿ ಇಲ್ಲ. ಸ್ಕ್ರಾಲ್ ಮಾಡಬೇಕಾಗಿ ಬಂದರೆ ಒಂದನ್ನು ತೆಗೆಯುತ್ತೇನೆ. ಕೆಳಗೆ ಮರೆಯಾಗಿರುವ ಬಟನ್ ಹೊಸಬರ ಪಾಲಿಗೆ ಇಲ್ಲವೇ ಇಲ್ಲ.

ಒಂದು ಬಟನ್ ಹೇಗೆ ಕೆಲಸ ಮಾಡುತ್ತದೆ ಅಂತ ಪೂರ್ತಿ ಹೇಳುತ್ತೇನೆ. 'ಅಡ್ಡ ಪೈಪ್' ತೆಗೆದುಕೊಳ್ಳಿ. ಬಟನ್ ಒತ್ತಿದಾಗ ಓಡುವ ಆಜ್ಞೆಗಳ ಸಾಲು, ಅಂದರೆ ಮ್ಯಾಕ್ರೋದಲ್ಲಿ ಇರುವುದು ನಡೆಯುತ್ತಿರುವ ಕಮಾಂಡ್ ರದ್ದು ಮಾಡುವ ಎರಡು ಕಂಟ್ರೋಲ್-ಸಿ ಮತ್ತು ನನ್ನ ಲಿಸ್ಪ್ (ಆಟೋಕ್ಯಾಡ್ ಒಳಗಿನ ಪ್ರೋಗ್ರಾಮಿಂಗ್ ಭಾಷೆ) ಕಮಾಂಡ್ ಹೆಸರು, ಅಷ್ಟೇ. ಉಳಿದದ್ದೆಲ್ಲ ಲಿಸ್ಪ್ ಒಳಗೆ. ಅದು ಮೊದಲು ಸದ್ಯದ ಲೇಯರ್ (ಗೆರೆಗಳನ್ನು ವಿಂಗಡಿಸಿಡುವ ಪದರ) ಮತ್ತು ಓಎಸ್‌ಮೋಡ್ (ಯಾವ ಸ್ನ್ಯಾಪ್‌ಗಳು ಆನ್ ಅಂತ ಹೇಳುವ ಸಂಖ್ಯೆ) ಎರಡನ್ನೂ ಎತ್ತಿಟ್ಟುಕೊಳ್ಳುತ್ತದೆ. ಆಮೇಲೆ ಲೇಯರ್ ಕಮಾಂಡಿನ 'ಮೇಕ್' ಬಳಸಿ ಪೈಪ್ ಲೇಯರ್‌ಗೆ ಹೋಗುತ್ತದೆ. 'ಸೆಟ್' ಬಳಸಿದರೆ ಲೇಯರ್ ಇಲ್ಲದ ಫೈಲಿನಲ್ಲಿ ಎಡವುತ್ತದೆ, 'ಮೇಕ್' ಇಲ್ಲದಿದ್ದರೆ ತಾನೇ ಹುಟ್ಟಿಸುತ್ತದೆ. ಓಎಸ್‌ಮೋಡ್ 39, ಅಂದರೆ ಎಂಡ್, ಮಿಡ್, ಸೆಂಟರ್, ಇಂಟರ್‌ಸೆಕ್ಷನ್. ಹೊಸಬರಿಗೆ ಇಷ್ಟು ಸಾಕು. ನಿಯರೆಸ್ಟ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ, ಗೆರೆ ಮುಟ್ಟಿದಂತೆ ಕಾಣುತ್ತದೆ, ತುದಿಗೆ ಕೂತಿರುವುದಿಲ್ಲ. ಪೈಪ್ ಸೈಜ್ ಒಂದೇ ಸಲ ಕೇಳುತ್ತದೆ. ಅದನ್ನು ಯೂಸರ್‌ಆರ್1ರಲ್ಲಿ, ಅಂದರೆ ನಮ್ಮ ಬಳಕೆಗೆ ಬಿಟ್ಟಿರುವ ಒಂದು ಸಂಖ್ಯೆಯ ಖಾನೆಯಲ್ಲಿ, ಇಡುತ್ತೇನೆ, ಅದು ಡ್ರಾಯಿಂಗ್ ಜೊತೆಗೇ ಸೇವ್ ಆಗುತ್ತದೆ. ನಾಳೆ ಇನ್ನೊಬ್ಬರು ಆ ಫೈಲ್ ತೆರೆದರೂ ಅದೇ ಸೈಜ್ ಬರುತ್ತದೆ, ಎಂಟರ್ ಒತ್ತಿದರೆ ಆಯಿತು. ಆಮೇಲೆ ಎರಡು ಕ್ಲಿಕ್. ಪೈಪ್ ಬಂತು. ಹಳೆಯ ಲೇಯರ್, ಹಳೆಯ ಸ್ನ್ಯಾಪ್ ವಾಪಸ್.

ಎಷ್ಟು ಕ್ಲಿಕ್ ಬರುತ್ತದೆ ಅಂತ ಮೊದಲೇ ಗೊತ್ತಿಲ್ಲದ ಬಟನ್‌ಗಳಿವೆ, ಉದಾಹರಣೆಗೆ ಪಾಲಿಲೈನ್. ಅಲ್ಲಿ ಸಿಎಂಡಿಆಕ್ಟಿವ್ (ಕಮಾಂಡ್ ಇನ್ನೂ ನಡೆಯುತ್ತಿದೆಯೇ ಅಂತ ಹೇಳುವ ಸಂಖ್ಯೆ) ಸೊನ್ನೆಯಾಗುವವರೆಗೆ, ಬಳಸುವವರ ಕ್ಲಿಕ್‌ಗೆ ಕಾಯುವ ಪಾಸ್ (pause) ಕೊಡುತ್ತಾ ಕೂರುವ ಲೂಪ್ ಹಾಕಬೇಕು. ಬರೀ ಮ್ಯಾಕ್ರೋದಲ್ಲಿ ಕ್ಲಿಕ್‌ಗೆ ಕಾಯಿಸುವ ಬ್ಯಾಕ್‌ಸ್ಲ್ಯಾಶ್ ಗುರುತು ನಂಬಿ ಮಾಡಲು ಹೋದರೆ ಲೇಯರ್ ವಾಪಸ್ ತರಲು ಜಾಗವೇ ಸಿಗುವುದಿಲ್ಲ. ಲಿಸ್ಪ್ ಇಲ್ಲದವರು, ಈಗಾಗಲೇ ಇರುವ ಗೆರೆಗಳನ್ನು ಆರಿಸಿ ಮಾಡುವ ಕೆಲಸವಾದರೆ, ಸೆಲೆಕ್ಟ್ ಕಮಾಂಡ್ ಮೊದಲಿಗೆ ಇಟ್ಟು, ಆಮೇಲೆ 'ಪ್ರೀವಿಯಸ್' ಕೊಡಿ. ಸೆಲೆಕ್ಟ್ ಒಂದಕ್ಕೆ ಮಾತ್ರ ಮ್ಯಾಕ್ರೋ ಆಯ್ಕೆ ಮುಗಿಯುವವರೆಗೂ ಕಾಯುತ್ತದೆ. ಬೇರೆ ಕಡೆ ಒಂದು ಬ್ಯಾಕ್‌ಸ್ಲ್ಯಾಶ್‌ಗೆ ಒಂದೇ ಕ್ಲಿಕ್. ಕಡಿಮೆ ಬೆಲೆಯ ಆಟೋಕ್ಯಾಡ್ ಎಲ್‌ಟಿ ಇದ್ದವರಿಗೂ 2024ರ ಆವೃತ್ತಿಯಿಂದ ಈ ಲಿಸ್ಪ್ (ಆಟೋಲಿಸ್ಪ್) ಸಿಕ್ಕಿದೆ, ಅದಕ್ಕೂ ಹಳೆಯದಾದರೆ ಈ ಸೆಲೆಕ್ಟ್ ದಾರಿಯೇ ಗತಿ.

ನನ್ನ ಹೆಚ್ಚಿನ ಸಮಯ ತಿಂದದ್ದು ಎಸ್ಕೇಪ್ ಕೀ. ಹೊಸಬರು ಗಾಬರಿಯಾದರೆ ಎಸ್ಕೇಪ್ ಒತ್ತುತ್ತಾರೆ. ಒಂದಲ್ಲ, ನಾಲ್ಕೈದು ಸಲ. ಲಿಸ್ಪ್ ಅರ್ಧಕ್ಕೆ ನಿಂತರೆ ಲೇಯರ್ ಬದಲಾದದ್ದು ಬದಲಾದಂತೆಯೇ ಉಳಿಯುತ್ತದೆ. ಆಮೇಲೆ ಎಳೆದ ಅಳತೆಯೆಲ್ಲ ಪೈಪ್ ಲೇಯರ್‌ನಲ್ಲಿ. ಸ್ನ್ಯಾಪ್ ಕೂಡ ಹಾಗೇ. ಅದಕ್ಕೆ ಪ್ರತಿ ಕಮಾಂಡಿಗೂ ಎರರ್ ಫಂಕ್ಷನ್ ಬರೆಯಲೇಬೇಕು. ಎಸ್ಕೇಪ್ ಬಿದ್ದ ತಕ್ಷಣ ಎಲ್ಲ ಮೊದಲಿನ ಸ್ಥಿತಿಗೆ. ಇನ್ನೊಂದು ಮಾತು, 2015ರ ಆವೃತ್ತಿಯಿಂದ ಎರರ್ ಫಂಕ್ಷನ್ ಒಳಗೆ 'ಕಮಾಂಡ್' ಸುಮ್ನೆ ಹಾಕಿದರೆ ನಡೆಯುವುದಿಲ್ಲ, 'ಕಮಾಂಡ್-ಎಸ್' ಹಾಕಬೇಕು. ಹಳೆಯ ಲಿಸ್ಪ್ ನಕಲು ಮಾಡಿಕೊಂಡವರೆಲ್ಲ ಇಲ್ಲೇ ಸಿಕ್ಕಿಬೀಳುತ್ತಾರೆ. ಅನ್‌ಡು ಬಿಗಿನ್, ಅನ್‌ಡು ಎಂಡ್ ಕೂಡ ಮರೆಯಬೇಡಿ. ಒಂದು ಬಟನ್ ಒತ್ತಿದ್ದು ಒಂದೇ ಅನ್‌ಡುಗೆ ಹೋಗಬೇಕು. ಅರ್ಧ ಹೋಗಿ ಅರ್ಧ ಉಳಿದರೆ ಕಲಿಯುವವರ ಧೈರ್ಯವೇ ಹೋಗುತ್ತದೆ.

ಹಾಳೆ ಟ್ಯಾಬ್ ಮೊದಲಿಗೆ ಇಟ್ಟಿದ್ದಕ್ಕೆ ಕಾರಣವಿದೆ. ಹಿಂದೆ ಒಮ್ಮೆ ಇಂಚಿನಲ್ಲಿ ಮಾಡಿದ ಬ್ಲಾಕ್ (ಮತ್ತೆ ಮತ್ತೆ ಬಳಸುವ ಸಿದ್ಧ ಚಿತ್ರ) ಮಿಲಿಮೀಟರ್ ಡ್ರಾಯಿಂಗಿಗೆ ಬಂದು ಸೇರಿತು. ಇನ್‌ಸರ್ಟ್ ಯೂನಿಟ್ ಹೊಂದದಿದ್ದರೆ 25.4 ಪಟ್ಟಿನ ಆಟ ಶುರು. ಪೂರ್ತಿ ಅಷ್ಟು ದೊಡ್ಡದಾಗಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಯಾರೋ ಅದನ್ನು ಕಣ್ಣಳತೆಯಲ್ಲಿ ಸ್ಕೇಲ್ ಮಾಡಿ ಕೂರಿಸಿದ್ದರು. ಆ ಪ್ರಿಂಟ್ ಹಿಡಿದು ಪೈಪ್ ಕತ್ತರಿಸಿಯೂ ಆಯಿತು. ಹಾಳಾದ ಮಾಲಿನ ಬೆಲೆ ಪ್ಲಗಿನ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟು. ಈಗ ಹಾಳೆ ಟ್ಯಾಬ್‌ನ ಮೊದಲ ಬಟನ್ ಒತ್ತದೆ ಮುಂದಿನ ಯಾವುದನ್ನು ಒತ್ತಿದರೂ ಗೆರೆ ಬರುವುದಿಲ್ಲ. "ಮೊದಲು ಹಾಳೆ ಆಯ್ಕೆ ಮಾಡಿ" ಅಂತ ಒಂದು ಸಾಲು ಬರುತ್ತದೆ. ಬಟನ್ ಬೂದು ಮಾಡಿಡುವುದನ್ನೂ ಮಾಡಿ ನೋಡಿದೆ. ಬೂದು ಬಟನ್ ನೋಡಿದವರು ಕೆಟ್ಟಿದೆ ಅಂದುಕೊಂಡು ಕೂತುಬಿಡುತ್ತಾರೆ. ಒತ್ತಲು ಬಿಟ್ಟು, ಒತ್ತಿದ ಮೇಲೆ ಕಾರಣ ಹೇಳುವುದೇ ಮೇಲು.

ಅಳತೆ ಟ್ಯಾಬ್‌ನಲ್ಲಿ ನನಗೆ ಬಹಳ ಹೆಮ್ಮೆಯ ಬಟನ್ ಒಂದಿದೆ, 'ತಪಾಸಣೆ'. ಗೆರೆ ಸರಿ ಬರದಿದ್ದಾಗ ಹೊಸಬರು ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ ಬೇಕಾದ ಅಂಕಿ ಟೈಪ್ ಮಾಡಿಬಿಡುತ್ತಾರೆ. ಗೆರೆ 897 ಇರುತ್ತದೆ, ಕಾಗದದಲ್ಲಿ 900. ಡೈಮೆನ್ಷನ್‌ನ ಡೇಟಾದಲ್ಲಿ ಅಕ್ಷರ ಇಡುವ ಖಾನೆ, ಅಂದರೆ ಗ್ರೂಪ್ ಕೋಡ್ 1 ಖಾಲಿ ಇದ್ದರೆ ಅದು ನಿಜವಾದ ಅಳತೆ. ಅಲ್ಲಿ ಅಂಕಿ ಇದ್ದರೆ ಕೈಯಿಂದ ಬರೆದದ್ದು. ಬಟನ್ ಒತ್ತಿದರೆ ಅಂಥವೆಲ್ಲ ಕೆಂಪಾಗುತ್ತವೆ. ಮೊದಲ ವಾರ ಇಡೀ ಹಾಳೆ ಕೆಂಪು. ತಿಂಗಳಾಗುವಷ್ಟರಲ್ಲಿ ಒಂದೆರಡು. ಇದನ್ನು ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಇದರಿಂದ ಉಳಿದಷ್ಟು ದುಡ್ಡು ಬೇರೆ ಯಾವುದರಿಂದಲೂ ಉಳಿದಿಲ್ಲ.

ಈಗ ಮೊದಲಿನ ಪ್ರಶ್ನೆ, ಮೆನುಗೆ ಅಂಟಿಕೊಳ್ಳುವುದು. ಪ್ರತಿ ಬಟನ್ ಕೆಲಸ ಮುಗಿಸಿದ ಮೇಲೆ ಕಮಾಂಡ್ ಲೈನಿನಲ್ಲಿ ಒಂದು ಸಾಲು ಬರೆಯುತ್ತದೆ. "ಇದನ್ನೇ ಆಫ್‌ಸೆಟ್‌ನಿಂದ ಮಾಡಬಹುದು, ಓ ಒತ್ತಿ ಎಂಟರ್" ಹೀಗೆ. ಇದೊಂದರಿಂದಲೇ ಜನ ಕಲಿಯುವುದಿಲ್ಲ, ಯಾರೂ ಓದುವುದಿಲ್ಲ. ಹಿಂದೆ ಇನ್ನೊಂದು ಲೆಕ್ಕ ಓಡುತ್ತಿರುತ್ತದೆ. ಯಾರು ಯಾವ ಬಟನ್ ಎಷ್ಟು ಸಲ ಒತ್ತಿದರು ಅಂತ ಒಂದು ಟೆಕ್ಸ್ಟ್ ಫೈಲಿಗೆ ಹೋಗುತ್ತದೆ. ಒಂದು ಹಂತ ದಾಟಿದ ಮೇಲೆ ಆ ಬಟನ್ ತಾನೇ ಕೆಲಸ ಮಾಡುವುದನ್ನು ನಿಲ್ಲಿಸಿ, ಯಾವ ಅಕ್ಷರ ಒತ್ತಬೇಕು ಅಂತ ಮಾತ್ರ ಹೇಳುತ್ತದೆ. ಆ ಹಂತ ಯಾವುದು, ಅವಸರದ ದಿನ ಅದನ್ನು ಹೇಗೆ ಸಡಿಲಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ತುಂಬಾ ದಿನ ಹಿಡಿದಿದೆ, ಸದ್ಯ ನಮ್ಮ ತಂಡದಲ್ಲೇ ಇರಲಿ.

ಮೊದಲೆಲ್ಲ ಹೊಸಬರೊಬ್ಬರು ವರ್ಕ್‌ಶಾಪಿಗೆ ಕಳಿಸಬಹುದಾದ ಡ್ರಾಯಿಂಗ್ ಮಾಡಲು ಮೂರು ನಾಲ್ಕು ವಾರ ಆಗುತ್ತಿತ್ತು. ಈಗ ಮೊದಲ ವಾರದಲ್ಲೇ ಒಂದು ಸಾದಾ ರೇಲಿಂಗ್ ಹೊರಗೆ ಬರುತ್ತದೆ. ಹಿರಿಯರೊಬ್ಬರು ದಿನಕ್ಕೆ ಅರ್ಧ ದಿನ ಲೇಯರ್ ತಿದ್ದುತ್ತಾ ಕೂರುತ್ತಿದ್ದರು, ಈಗ ಒಂದು ಗಂಟೆಯೂ ಬೇಕಿಲ್ಲ. ಖರ್ಚು ಅಂದರೆ ನನ್ನ ಸಂಜೆಗಳು, ಒಟ್ಟು ಸೇರಿಸಿದರೆ ತಿಂಗಳೊಂದರ ಕೆಲಸ ಇರಬಹುದು.

ನಡುವೆ ಬೇರೆ ಕೆಲವು ಆಟಗಳನ್ನೂ ಆಡಿದೆ. ನಿಜವಾದ ಪೈಪಿನ ಫೋಟೋ ತೆಗೆದು ಐಕಾನ್ ಮಾಡಿದೆ. 32 ಪಿಕ್ಸೆಲ್‌ನಲ್ಲಿ ಎಲ್ಲವೂ ಒಂದೇ ಬೂದು ಕಲೆ. ಎರಡೇ ಗೆರೆಯಲ್ಲಿ ಬರೆದ ಚಿತ್ರವೇ ಗೆದ್ದಿತು, ಪಕ್ಕದಲ್ಲಿ ಹೆಸರು ಇದ್ದರೆ ಇನ್ನೂ ಒಳ್ಳೆಯದು. ಜಾಯಿಂಟ್‌ಗಳಿಗೆ ಹಳೆಯ ಇಮೇಜ್ ಟೈಲ್ ಮೆನು, ಅಂದರೆ ಚಿತ್ರ ನೋಡಿ ಆರಿಸುವ ಮೆನು, ಬಳಸಿ ನೋಡಿದೆ. ಎಂಸ್ಲೈಡ್ ಕಮಾಂಡಿನಿಂದ ಪರದೆಯ ಚಿತ್ರವನ್ನು ಸ್ಲೈಡ್ ಮಾಡಿ ಲೈಬ್ರರಿಗೆ ಸೇರಿಸಿದರೆ ಪುಟಕ್ಕೆ 20 ಚಿತ್ರ. ಹಳೆಯದಾದರೂ ಬಹಳ ವೇಗ, ನನಗೆ ಇಷ್ಟವಾಯಿತು. ಆದರೆ 20 ಚಿತ್ರ ಒಟ್ಟಿಗೆ ನೋಡಿ ಜನ ಮೊದಲನೆಯದನ್ನೇ ಆರಿಸುತ್ತಿದ್ದರು. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲೂ ಇದೇ ಆರು ಹಂತ ಕಟ್ಟಿದೆ. ಬೇಡದ ವರ್ಕ್‌ಬೆಂಚ್‌ಗಳನ್ನು ಪ್ರಿಫರೆನ್ಸ್‌ನಲ್ಲಿ ಆಫ್ ಮಾಡಿ, ಪೈಥಾನ್ ಮ್ಯಾಕ್ರೋಗಳನ್ನು ಒಂದು ಟೂಲ್‌ಬಾರ್‌ಗೆ ಹಾಕಿದರೆ ಆಯಿತು. ಲೈಸೆನ್ಸ್ ದುಡ್ಡಿಲ್ಲದೆ ಕಲಿಸಬೇಕಾದವರು ಖಂಡಿತ ಮಾಡಿ ನೋಡಿ.

ಮೆನು ಕಟ್ಟಿದ ಮೇಲೆ ಅದನ್ನು ಕಾಯಬೇಕು. ಪ್ಯಾಲೆಟ್‌ನ ಎಟಿಸಿ ಫೈಲನ್ನು ಸರ್ವರ್‌ನಲ್ಲಿಟ್ಟು ರೀಡ್-ಓನ್ಲಿ ಮಾಡಿ, ಮೂಲೆಯಲ್ಲಿ ಬೀಗದ ಗುರುತು ಬರುತ್ತದೆ. ವರ್ಕ್‌ಸ್ಪೇಸ್ (ಪರದೆಯ ಜೋಡಣೆ) ಬದಲಾದರೆ ತಾನೇ ಸೇವ್ ಮಾಡುವ ಡಬ್ಲ್ಯುಎಸ್‌ಆಟೋಸೇವ್ ಸೊನ್ನೆ ಇರಲಿ. ಕೈ ತಪ್ಪಿ ಪ್ಯಾಲೆಟ್ ಎಳೆದು ಎಲ್ಲೋ ಬಿಟ್ಟರೂ ವರ್ಕ್‌ಸ್ಪೇಸ್ ಮತ್ತೆ ಆರಿಸಿದರೆ ಸ್ವಸ್ಥಾನಕ್ಕೆ ಬರುತ್ತದೆ.

ಜಾಯಿಂಟ್ ಟ್ಯಾಬ್ ಮಾತ್ರ ನನಗೆ ಇನ್ನೂ ಸಮಾಧಾನ ಕೊಟ್ಟಿಲ್ಲ. ಎಂಟು ಬಟನ್‌ಗೆ ಅಲ್ಲಿನ ಕೆಲಸ ಹಿಡಿಯುವುದಿಲ್ಲ. ಸದ್ಯ ಹೆಚ್ಚು ಬಳಕೆಯ ಐದು ಜಾಯಿಂಟ್ ಮಾತ್ರ ಇಟ್ಟು, ಉಳಿದದ್ದನ್ನು ಡೈನಮಿಕ್ ಬ್ಲಾಕ್‌ಗೆ, ಅಂದರೆ ಸೈಜ್, ಆಕಾರ ಬದಲಾಯಿಸಬಹುದಾದ ಬ್ಲಾಕ್‌ಗೆ, ಸಾಗಿಸುತ್ತಿದ್ದೇನೆ. ಪೈಪ್ ಸೈಜ್ ಅದಕ್ಕೂ ಯೂಸರ್‌ಆರ್1ರಿಂದಲೇ ಹೋಗುವಂತೆ ಲಿಸ್ಪ್ ಬರೆಯುತ್ತಿದ್ದೇನೆ, ಅರ್ಧ ಮುಗಿದಿದೆ.